ಯುರೋಪಾ ಮೇಲೆ ಕಾಲಿಟ್ಟರೆ ಗಟ್ಟಿ ನೆಲ ಸಿಗುತ್ತಾ? ಬೆಳಕು ಕೊಡುವ ಸುಳಿವು

 

ಇವತ್ತಿನ ಪ್ರಶ್ನೆ ಕೇಳೋಕೆ ತುಂಬಾ ಸಿಂಪಲ್. ಗುರುಗ್ರಹದ ಸುತ್ತ ಯುರೋಪಾ ಅಂತ ಒಂದು ಚಂದ್ರ ಸುತ್ತುತ್ತೆ. ನಮ್ಮ ಚಂದ್ರನಿಗಿಂತ ಸ್ವಲ್ಪ ಚಿಕ್ಕದು, ಮೈಪೂರ್ತಿ ಮಂಜುಗಡ್ಡೆ. ಆ ಮಂಜಿನ ಚಿಪ್ಪಿನ ಕೆಳಗೆ ಉಪ್ಪುನೀರಿನ ಸಮುದ್ರ ಇದೆ ಅನ್ನೋಕೆ ಬಲವಾದ ಪುರಾವೆಗಳಿವೆ. ಹಾಗಾಗಿ ಭೂಮಿಯ ಹೊರಗೆ ಜೀವ ಹುಡುಕೋರ ಪಟ್ಟಿಯಲ್ಲಿ ಇದರ ಹೆಸರು ಮೇಲೇ ಇರುತ್ತೆ. ಸರಿ, ನಾಳೆ ಒಂದು ನೌಕೆಯನ್ನ ಅಲ್ಲಿ ಇಳಿಸಿದ್ವಿ ಅಂದ್ಕೊಳ್ಳಿ. ಅದರ ಕಾಲು ಕಲ್ಲಿನಂಥ ಮಂಜುಗಡ್ಡೆ ಮೇಲೆ ನಿಲ್ಲುತ್ತಾ? ಅಥವಾ ಬಾಂಬೆ ಮಿಠಾಯಿ ಮೇಲೆ ಕಾಲಿಟ್ಟ ಹಾಗೆ ಒಳಕ್ಕೆ ಹೂತು ಹೋಗುತ್ತಾ?

ಇದು ತಮಾಷೆ ಪ್ರಶ್ನೆ ಅಲ್ಲ. ಅಲ್ಲಿಗೆ ಇಳಿಯೋ ಲ್ಯಾಂಡರ್ ಹೇಗಿರಬೇಕು ಅಂತ ನಾಸಾ 2017ರಲ್ಲಿ ಒಂದು ದೊಡ್ಡ ವರದಿಯನ್ನೇ ಹೊರತಂದಿದೆ. ಇಳಿಯೋಕೆ ಹೋಗೋ ಮುಂಚೆ ನೆಲ ಹೇಗಿದೆ ಅಂತ ಗೊತ್ತಿರಬೇಕಲ್ವಾ?

ಫೋಟೋ ನೋಡಿದ್ರೆ ಗೊತ್ತಾಗಲ್ವಾ ಅಂತ ಕೇಳಬಹುದು. ಗುರುವಿನ ಸುತ್ತ 1995ರಿಂದ 2003ರವರೆಗೆ ಸುತ್ತಿದ ಗೆಲಿಲಿಯೋ ನೌಕೆ ಯುರೋಪಾದ ಫೋಟೋ ತೆಗೆದಿದೆ. ಅದರಲ್ಲಿ ಅತ್ಯಂತ ಸ್ಪಷ್ಟವಾದ ಚಿತ್ರದಲ್ಲೂ ಒಂದು ಪಿಕ್ಸೆಲ್ ಅಂದ್ರೆ ಸುಮಾರು 6 ಮೀಟರ್. ಒಂದು ಕಾರು ನಿಲ್ಲಿಸಿದ್ರೆ ಅದು ಬರೀ ಒಂದು ಚುಕ್ಕಿ. ಇನ್ನು ಮಂಜಿನ ಕಣ ಎಷ್ಟು ದಪ್ಪ, ಕಣಗಳ ಮಧ್ಯೆ ಎಷ್ಟು ಖಾಲಿ ಜಾಗ ಇದೆ ಅನ್ನೋದು ಆ ಫೋಟೋದಲ್ಲಿ ಎಲ್ಲಿ ಕಾಣಬೇಕು?

ಆದ್ರೂ ವಿಜ್ಞಾನಿಗಳು ಭೂಮಿ ಮೇಲೆ ಕೂತ್ಕೊಂಡೇ, ಅಲ್ಲಿನ ಕಣಗಳು ಒಂದು ಮೈಕ್ರಾನ್‌ಗಿಂತ ಸಣ್ಣದಿರಬಹುದು ಅಂತ ಲೆಕ್ಕ ಹಾಕಿದ್ದಾರೆ. ಒಂದು ಮೈಕ್ರಾನ್ ಅಂದ್ರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ಇಷ್ಟು ದೂರದಿಂದ ಅದನ್ನ ಹೇಗೆ ಹೇಳಿದ್ರು? ಅದಕ್ಕೆ ಉತ್ತರ ಪೋಲರೈಸ್ಡ್ ಲೈಟ್, ಅಂದ್ರೆ ಧ್ರುವೀಕೃತ ಬೆಳಕು.

ಮೊದಲು ನಿಮ್ಮ ಫೋನಿಂದಲೇ ಶುರು ಮಾಡೋಣ

ಬೆಳಕು ಒಂದು ಅಲೆ. ಹಗ್ಗದ ಒಂದು ತುದಿ ಕಂಬಕ್ಕೆ ಕಟ್ಟಿ, ಇನ್ನೊಂದು ತುದಿ ಹಿಡ್ಕೊಂಡು ಮೇಲೆ ಕೆಳಗೆ ಆಡಿಸಿದ್ರೆ ಅಲೆ ಹಾಗೇ ಹೋಗುತ್ತೆ. ಎಡಕ್ಕೆ ಬಲಕ್ಕೆ ಆಡಿಸಿದ್ರೆ ಅಲೆಯೂ ಅಡ್ಡಡ್ಡ ಹೋಗುತ್ತೆ. ಸೂರ್ಯನ ಬೆಳಕಿನಲ್ಲಿ ಎಲ್ಲಾ ದಿಕ್ಕಿನ ಅಲುಗಾಟವೂ ಕಲಸಿ ಹೋಗಿರುತ್ತೆ. ಯಾವುದೋ ಒಂದು ದಿಕ್ಕಿನ ಅಲುಗಾಟ ಹೆಚ್ಚಾಗಿದ್ರೆ, ಆ ಬೆಳಕು ಧ್ರುವೀಕೃತ ಆಗಿದೆ ಅಂತೀವಿ. ಅಷ್ಟೇ.

ನಿಮ್ಮ ಹತ್ರ ಪೋಲರೈಸ್ಡ್ ಸನ್‌ಗ್ಲಾಸ್ ಇದ್ರೆ ಅದನ್ನ ಹಾಕ್ಕೊಂಡು ಫೋನ್ ಸ್ಕ್ರೀನ್ ನೋಡಿ, ಫೋನನ್ನ ನಿಧಾನಕ್ಕೆ ತಿರುಗಿಸಿ. ಒಂದು ಕೋನಕ್ಕೆ ಬಂದಾಗ ಕೆಲವು ಫೋನ್‌ಗಳ ಸ್ಕ್ರೀನ್ ಪೂರ್ತಿ ಕಪ್ಪಾಗುತ್ತೆ, ಕೆಲವದ್ರಲ್ಲಿ ಮಬ್ಬಾಗುತ್ತೆ. ಸ್ಕ್ರೀನಿಂದ ಬರೋ ಬೆಳಕು ಒಂದೇ ದಿಕ್ಕಲ್ಲಿ ಅಲುಗಾಡುತ್ತೆ, ಕನ್ನಡಕ ಆ ದಿಕ್ಕನ್ನ ತಡೀತು.

ನಮ್ಮ ಕಣ್ಣಿಗೆ ಈ ವ್ಯತ್ಯಾಸ ಕಾಣಲ್ಲ. ಆದ್ರೆ ಬೆಳಕು ಯಾವುದಕ್ಕೆ ತಾಗಿ ಬಂತು ಅನ್ನೋ ಗುರುತು ಅದರಲ್ಲಿ ಉಳಿದಿರುತ್ತೆ. ಇದನ್ನ ಚೆನ್ನಾಗಿ ಬಳಸ್ಕೊಂಡೋರಲ್ಲಿ ನಮ್ಮ ಸಿ.ವಿ. ರಾಮನ್ ಕೂಡ ಒಬ್ಬರು. 1921ರಲ್ಲಿ ಇಂಗ್ಲೆಂಡಿಂದ ಹಡಗಿನಲ್ಲಿ ವಾಪಸ್ ಬರೋವಾಗ, ಸಮುದ್ರ ಯಾಕೆ ನೀಲಿ ಅನ್ನೋ ಪ್ರಶ್ನೆ ಅವರಿಗಿತ್ತು. ಆಕಾಶದ ನೀಲಿಯೇ ನೀರಲ್ಲಿ ಪ್ರತಿಫಲಿಸುತ್ತೆ ಅನ್ನೋದು ಆಗಿನ ವಿವರಣೆ. ನೀರಿನ ಮೇಲ್ಮೈಗೆ ತಾಗಿ ಬರೋ ಬೆಳಕು ಧ್ರುವೀಕೃತ ಆಗಿರುತ್ತೆ. ರಾಮನ್ ನಿಕಲ್ ಪ್ರಿಸಂ ಅನ್ನೋ ಪುಟ್ಟ ಸಾಧನದಿಂದ ಆ ಪ್ರತಿಫಲನವನ್ನ ತಡೆದು ನೋಡಿದ್ರು. ಆಗಲೂ ನೀಲಿ ಉಳಿದಿತ್ತು! ಅಂದ್ರೆ ಆ ನೀಲಿ ನೀರಿನ ಒಳಗಿಂದಲೇ ಬರ್ತಿತ್ತು. ಮೇಲ್ಮೈ ಯಾವುದು, ಒಳಗಿನದು ಯಾವುದು ಅಂತ ಅವರು ಬೇರ್ಪಡಿಸಿದ್ದು ಧ್ರುವೀಕರಣದ ಸಹಾಯದಿಂದ.

ಸಾವಿರಕ್ಕೆ ನಾಲ್ಕರ ಲೆಕ್ಕ

ನಾನು ಬಿಕಾಂ ಓದಿದವಳು, ಹಾಗಾಗಿ ಇದು ನನ್ನ ತಲೆಗೆ ಹೋಗಿದ್ದು ಲೆಕ್ಕದ ಭಾಷೆಯಲ್ಲಿ. ಒಂದು ಅಂಗಡಿಯ ದಿನದ ಒಟ್ಟು ವ್ಯಾಪಾರ ಸಾವಿರ ರೂಪಾಯಿ ಅಂತ ಹೇಳಿದ್ರೆ, ಆ ಅಂಗಡಿ ಬಗ್ಗೆ ಜಾಸ್ತಿ ಏನೂ ಗೊತ್ತಾಗಲ್ಲ. ಯಾವ ಬಾಬ್ತಿನಿಂದ ಎಷ್ಟು ಬಂತು ಅಂತ ಖಾತೆ ಬಿಡಿಸಿ ನೋಡಿದ್ರೆ ಗೊತ್ತಾಗುತ್ತೆ. ಬೆಳಕಿನ ಹೊಳಪು ಅನ್ನೋದು ಒಟ್ಟು ಮೊತ್ತ. ಧ್ರುವೀಕರಣ ಅನ್ನೋದು ಖಾತೆವಾರು ವಿವರ.

ಯುರೋಪಾದಿಂದ ಬಂದ ಬೆಳಕನ್ನ ಸಾವಿರ ಪಾಲು ಅಂದ್ಕೊಳ್ಳಿ. ಎರಡು ದಿಕ್ಕಲ್ಲೂ 500, 500 ಇದ್ರೆ ಧ್ರುವೀಕರಣ ಸೊನ್ನೆ. ಒಂದರಲ್ಲಿ 502, ಇನ್ನೊಂದರಲ್ಲಿ 498 ಇದ್ರೆ ವ್ಯತ್ಯಾಸ 4. ಅಂದ್ರೆ ಶೇಕಡಾ 0.4. ಇಂಥ ಸಣ್ಣ ಅಂಕಿ ಮೇಲೇ ಈ ಇಡೀ ಕಥೆ ನಿಂತಿದೆ. ಫ್ರಾನ್ಸಿನ ಬರ್ನಾರ್ ಲಿಯೋ ಅನ್ನೋ ಖಗೋಳ ವಿಜ್ಞಾನಿ 1920ರ ದಶಕದಲ್ಲೇ ಶೇಕಡಾ 0.1ರಷ್ಟು ವ್ಯತ್ಯಾಸವನ್ನೂ ಹಿಡಿಯೋ ಉಪಕರಣ ಮಾಡ್ಕೊಂಡಿದ್ರು.

ಲಿಯೋ ಒಂದು ವಿಚಿತ್ರ ಕಂಡ್ರು. ಸೂರ್ಯ, ಚಂದ್ರ ಮತ್ತು ನಮ್ಮ ಕಣ್ಣು, ಈ ಮೂರೂ ಒಂದು ಸಮತಲದಲ್ಲಿ ಇರುತ್ತೆ ಅಲ್ವಾ? ಸಾಮಾನ್ಯವಾಗಿ ಪ್ರತಿಫಲಿಸಿದ ಬೆಳಕಿನಲ್ಲಿ ಆ ಸಮತಲಕ್ಕೆ ಅಡ್ಡಲಾಗಿರೋ ಅಲುಗಾಟ ಜಾಸ್ತಿ ಇರಬೇಕು. ಆದ್ರೆ ಹುಣ್ಣಿಮೆ ಹತ್ತಿರದಲ್ಲಿ ಅದು ಉಲ್ಟಾ ಆಯ್ತು. ಸಮತಲದೊಳಗಿನ ಅಲುಗಾಟವೇ ಸ್ವಲ್ಪ ಜಾಸ್ತಿ. ಇದಕ್ಕೆ ನೆಗೆಟಿವ್ ಪೋಲರೈಸೇಷನ್ ಅಂತಾರೆ.

ಹೊರಗಿನ ಗ್ರಹಗಳ ವಿಷಯದಲ್ಲಿ ಇದು ತುಂಬಾ ಮುಖ್ಯ. ಯಾಕಂದ್ರೆ ಆ ಗ್ರಹಗಳು ಎಷ್ಟು ದೂರ ಅಂದ್ರೆ, ಅಲ್ಲಿಂದ ನೋಡಿದ್ರೆ ಸೂರ್ಯನೂ ಭೂಮಿಯೂ ಹತ್ತಿರ ಹತ್ತಿರವೇ ಕಾಣುತ್ತೆ. ಗುರುವಿನಿಂದ ನೋಡಿದ್ರೆ ಇವೆರಡರ ನಡುವಿನ ಕೋನ ಹೆಚ್ಚಂದ್ರೆ ಸುಮಾರು 12 ಡಿಗ್ರಿ. ಶನಿಯಿಂದ 6, ಯುರೇನಸ್‌ನಿಂದ 3, ನೆಪ್ಚೂನ್‌ನಿಂದ 2 ಡಿಗ್ರಿ ಆಸುಪಾಸು. ಅಂದ್ರೆ ಆ ಲೋಕಗಳ ಚಂದ್ರರು ನಮಗೆ ಯಾವಾಗಲೂ ಹೆಚ್ಚುಕಡಿಮೆ ಹುಣ್ಣಿಮೆ ಚಂದ್ರರೇ. ಅರ್ಧಚಂದ್ರ ಯುರೋಪಾವನ್ನ ಭೂಮಿಯಿಂದ ನೋಡೋಕೇ ಆಗಲ್ಲ.

ಇದು ದೊಡ್ಡ ಮಿತಿ ಅನ್ನಿಸುತ್ತೆ. ಆದ್ರೆ ಸ್ವಾರಸ್ಯ ಇರೋದು ಆ ಸಣ್ಣ ಕೋನದಲ್ಲೇ. 1997ರಲ್ಲಿ ಉಕ್ರೇನಿನ ವೆರಾ ರೋಸೆನ್‌ಬುಷ್ ಮತ್ತು ಅವರ ಜೊತೆಗಾರರು ಗುರುವಿನ ಚಂದ್ರರಾದ ಅಯೋ, ಯುರೋಪಾ, ಗ್ಯಾನಿಮೀಡ್‌ಗಳ ಬಗ್ಗೆ ಒಂದು ಫಲಿತಾಂಶ ಪ್ರಕಟಿಸಿದ್ರು. ಕೋನ ಒಂದು ಡಿಗ್ರಿಗಿಂತ ಕಡಿಮೆ ಆದಾಗ ನೆಗೆಟಿವ್ ಪೋಲರೈಸೇಷನ್ ಚೂಪಾಗಿ ಕುಸಿದು ಮತ್ತೆ ಮೇಲೇಳುತ್ತೆ. ಗ್ರಾಫಲ್ಲಿ ನೋಡಿದ್ರೆ ಒಂದು ಕಿರಿದಾದ ಗುಂಡಿ ಥರ. ಆ ಗುಂಡಿಯ ಆಳ ಅರ್ಧ ಪರ್ಸೆಂಟ್‌ಗೂ ಕಡಿಮೆ. ಕೋನ ಒಂದು ಡಿಗ್ರಿಗಿಂತ ಕಡಿಮೆ ಇರೋದು ಸುಮಾರು 13 ತಿಂಗಳಿಗೆ ಒಮ್ಮೆ, ಅದೂ ಹತ್ತು ದಿನದ ಆಸುಪಾಸು. ಆ ದಿನಗಳಲ್ಲಿ ಮೋಡ ಬಂದ್ರೆ ಮುಂದಿನ ವರ್ಷ ನೋಡ್ಕೋಬೇಕು.

ಲಾಲ್‌ಬಾಗ್ ಸುತ್ತೋ ಇಬ್ಬರು ಗೆಳೆಯರು

ಆ ಗುಂಡಿ ಯಾಕೆ ಬರುತ್ತೆ? ಹೀಗೆ ಯೋಚಿಸಿ. ಇಬ್ಬರು ಗೆಳೆಯರು ಲಾಲ್‌ಬಾಗ್‌ನ ಒಂದೇ ಗೇಟಿಂದ ಒಟ್ಟಿಗೆ ಹೊರಡ್ತಾರೆ. ಒಬ್ಬ ಎಡಗಡೆಯಿಂದ, ಇನ್ನೊಬ್ಬ ಬಲಗಡೆಯಿಂದ, ಆದ್ರೆ ದಾರಿ ಒಂದೇ, ವೇಗವೂ ಒಂದೇ. ಇಬ್ಬರೂ ಅದೇ ಗೇಟಿಗೆ ಅದೇ ಕ್ಷಣಕ್ಕೆ ಬರ್ತಾರೆ. ದಾರಿ ಎಷ್ಟೇ ಅಂಕುಡೊಂಕಾಗಿದ್ರೂ ಸರಿ.

ಬೆಳಕು ಮಂಜಿನ ಪುಡಿ ಒಳಗೆ ಹೋದಾಗ ಒಂದು ಕಣದಿಂದ ಇನ್ನೊಂದಕ್ಕೆ ಹಾರಿ ಹಾರಿ ಹೊರಗೆ ಬರುತ್ತೆ. ಅದೇ ದಾರಿಯಲ್ಲಿ ಉಲ್ಟಾ ದಿಕ್ಕಲ್ಲಿ ಬರೋ ಇನ್ನೊಂದು ಅಲೆಯೂ ಇರುತ್ತೆ. ಎರಡೂ ಬಂದ ದಿಕ್ಕಿಗೇ ವಾಪಸ್ ಹೋಗೋವಾಗ ಮಾತ್ರ ಹೆಜ್ಜೆಗೆ ಹೆಜ್ಜೆ ಸೇರುತ್ತೆ, ಒಂದನ್ನೊಂದು ಬಲಪಡಿಸುತ್ತೆ. ಬೇರೆ ದಿಕ್ಕಿಗೆ ಹೋದ್ರೆ ಈ ತಾಳ ತಪ್ಪುತ್ತೆ. ಇದರಿಂದ ಆ ಸಣ್ಣ ಕೋನದಲ್ಲಿ ಹೊಳಪು ದಿಢೀರ್ ಏರುತ್ತೆ, ಜೊತೆಗೆ ಒಂದು ದಿಕ್ಕಿನ ಅಲುಗಾಟಕ್ಕೆ ಇನ್ನೊಂದಕ್ಕಿಂತ ತುಸು ಹೆಚ್ಚು ಬಲ ಸಿಗುತ್ತೆ. ಅದೇ ಆ ಗುಂಡಿ.

ಆ ಗುಂಡಿ ಎಷ್ಟು ಅಗಲ, ಎಷ್ಟು ಆಳ ಅನ್ನೋದು ಕಣದ ಗಾತ್ರ ಮತ್ತು ಕಣಗಳ ನಡುವಿನ ದೂರದ ಮೇಲೆ ನಿಂತಿದೆ. ಹಾಗಾಗಿ ಗುಂಡಿಯ ಆಕಾರ ಓದಿದ್ರೆ ಪುಡಿಯ ಗುಣ ಓದಿದ ಹಾಗೆ.

ಆದ್ರೆ ಯಾವ ಆಕಾರಕ್ಕೆ ಯಾವ ಪುಡಿ? ಇದಕ್ಕೆ ಪ್ರಯೋಗಾಲಯ ಬೇಕು. ಅಮೆರಿಕದ ಪ್ಲಾನೆಟರಿ ಸೈನ್ಸ್ ಇನ್‌ಸ್ಟಿಟ್ಯೂಟ್‌ನ ರಾಬರ್ಟ್ ನೆಲ್ಸನ್ ಮತ್ತು ತಂಡ ಬಿಳಿ ಅಲ್ಯೂಮಿನಿಯಂ ಆಕ್ಸೈಡ್ ಪುಡಿಯನ್ನ ಬೇರೆ ಬೇರೆ ಗಾತ್ರದಲ್ಲಿ ತಗೊಂಡು, ಅದರ ಮೇಲೆ ಬೆಳಕು ಹಾಯಿಸಿ ಅಳೆದ್ರು. ಮಂಜಿನ ಹಾಗೆ ಇದೂ ಬೆಳಕನ್ನ ಚೆನ್ನಾಗಿ ಚದುರಿಸುತ್ತೆ. ಯುರೋಪಾದ ಅಳತೆಗೆ ಹೋಲಿದ್ದು ಎಂಥ ಪುಡಿ ಗೊತ್ತಾ? ಮೈಕ್ರಾನಿನ ಒಂದು ಭಾಗದಷ್ಟು ಸಣ್ಣ ಕಣಗಳು, ಮತ್ತು ಸುಮಾರು ಶೇಕಡಾ 95ಕ್ಕಿಂತ ಹೆಚ್ಚು ಖಾಲಿ ಜಾಗ. ಆಗಷ್ಟೇ ಬಿದ್ದ ಹಿಮಕ್ಕಿಂತಲೂ ಹಗುರ. 2018ರಲ್ಲಿ ಈ ಸುದ್ದಿ ಬಂದಾಗ ಎಲ್ಲರೂ ಕೇಳಿದ್ದು ಒಂದೇ: ಹಾಗಾದ್ರೆ ಲ್ಯಾಂಡರ್ ಮುಳುಗುತ್ತಾ?

ಅದೇ ವರ್ಷ ಸ್ವಿಟ್ಜರ್ಲೆಂಡಿನ ಬರ್ನ್ ವಿಶ್ವವಿದ್ಯಾಲಯದ ತಂಡ ನಿಜವಾದ ಮಂಜಿನ ಕಣಗಳನ್ನೇ ತಯಾರಿಸಿ ಅಳತೆ ಮಾಡ್ತು. ಕೆಲವು ಕೆಲವೇ ಮೈಕ್ರಾನ್ ಗಾತ್ರದವು, ಕೆಲವು ಅದಕ್ಕಿಂತ ಹತ್ತಾರು ಪಟ್ಟು ದಪ್ಪ. ಫ್ರೀಜರಲ್ಲಿ ಐಸ್‌ಕ್ಯೂಬ್ ತುಂಬಾ ದಿನ ಇಟ್ರೆ ಒಂದಕ್ಕೊಂದು ಅಂಟ್ಕೊಳ್ಳುತ್ತಲ್ಲ, ಮಂಜಿನ ಕಣಗಳೂ ಕಾಲ ಕಳೆದ ಹಾಗೆ ಹಾಗೇ ಬೆಸೆದುಕೊಳ್ಳುತ್ತೆ. ಕಣದ ಗಾತ್ರವಷ್ಟೇ ಅಲ್ಲ, ಈ ಬೆಸುಗೆ ಎಷ್ಟಾಗಿದೆ ಅನ್ನೋದರ ಗುರುತೂ ಧ್ರುವೀಕರಣದಲ್ಲಿ ಕಾಣುತ್ತೆ ಅಂತ ಅವರು ತೋರಿಸಿದ್ರು. ಅಂದ್ರೆ ತತ್ವಶಃ ಇದು ಹೊಸ ಮಂಜು, ಇದು ಹಳೇ ಮಂಜು ಅಂತ ದೂರದಿಂದಲೇ ಬೇರ್ಪಡಿಸಬಹುದು. ಯುರೋಪಾದ ಒಳಗಿನ ನೀರು ಎಲ್ಲಾದ್ರೂ ಚಿಮ್ಮಿ, ಹಿಮವಾಗಿ ಬಿದ್ದಿದ್ರೆ ಅಲ್ಲಿ ಕಣಗಳು ಹೊಸದಾಗಿರುತ್ತೆ. ಜೀವದ ಸುಳಿವು ಹುಡುಕೋರಿಗೆ ಅಂಥ ಜಾಗವೇ ಬೇಕಾಗಿರೋದು.

ಚಂದ್ರ ಕಲಿಸಿದ ಪಾಠ

ಈಗ ಮುಳುಗೋ ಪ್ರಶ್ನೆಗೆ ಬರೋಣ. ಇದೇ ಪ್ರಶ್ನೆ ಹಿಂದೊಮ್ಮೆ ನಮ್ಮ ಚಂದ್ರನ ಬಗ್ಗೆಯೂ ಬಂದಿತ್ತು. ಲಿಯೋ 1929ರ ಹೊತ್ತಿಗೇ ಚಂದ್ರನ ಬೆಳಕನ್ನ ಪ್ರಯೋಗಾಲಯದ ವಸ್ತುಗಳ ಜೊತೆ ಹೋಲಿಸಿ, ಅದು ಜ್ವಾಲಾಮುಖಿ ಬೂದಿಯಂಥ ಪುಡಿಯಿಂದ ಮುಚ್ಚಿದೆ ಅಂತ ಹೇಳಿದ್ರು. ಬರಿಯ ಬೆಳಕಿನಿಂದ. ಅದು ನಿಜವೇ ಆಯ್ತು. ಮುಂದೆ 1955ರಲ್ಲಿ ಥಾಮಸ್ ಗೋಲ್ಡ್, ಚಂದ್ರನ ತಗ್ಗು ಪ್ರದೇಶಗಳಲ್ಲಿ ಧೂಳು ದಪ್ಪವಾಗಿ ತುಂಬಿರಬಹುದು ಅಂತ ವಾದಿಸಿದ್ರು. ಹೋದೋರು ಹೂತು ಹೋದ್ರೆ ಅನ್ನೋ ಭಯ ಶುರುವಾಯ್ತು.

ಆ ಭಯ ಹೋಗಿದ್ದು 1966ರಲ್ಲಿ. ಫೆಬ್ರುವರಿಯಲ್ಲಿ ಸೋವಿಯತ್ ಒಕ್ಕೂಟದ ಲೂನಾ 9, ಜೂನ್‌ನಲ್ಲಿ ಅಮೆರಿಕದ ಸರ್ವೇಯರ್ 1 ಮೆತ್ತಗೆ ಇಳಿದವು, ಮುಳುಗಲಿಲ್ಲ. ಸರ್ವೇಯರ್ ಕಾಲು ಕೆಲವೇ ಸೆಂಟಿಮೀಟರ್ ಒಳಗೆ ಹೋಯ್ತು, ಅಷ್ಟೇ.

ಅಂದ್ರೆ ಲಿಯೋ ತಪ್ಪು ಅಂತಲ್ಲ. ಪುಡಿ ಇತ್ತು. ಆದ್ರೆ ಆ ಪುಡಿ ಎಷ್ಟು ಆಳ, ಎಷ್ಟು ಭಾರ ಹೊರುತ್ತೆ ಅನ್ನೋದನ್ನ ಆ ಬೆಳಕು ಹೇಳಿರಲಿಲ್ಲ. ಕಣ್ಣಿಗೆ ಕಾಣೋ ಬೆಳಕು ಯುರೋಪಾದಂಥ ಜಾಗದಿಂದ ತರೋದು ಮೇಲಿನ ಕೆಲವು ಮೈಕ್ರಾನ್‌ಗಳ ಸುದ್ದಿ ಮಾತ್ರ. ಈ ಎಚ್ಚರಿಕೆಯನ್ನ ನೆಲ್ಸನ್ ತಂಡವೂ ಹೇಳಿತ್ತು. ಹಾಲಿನ ಕೆನೆ ನೋಡಿ ಪಾತ್ರೆ ಎಷ್ಟು ಆಳ ಅಂತ ಹೇಳೋಕಾಗಲ್ಲ. ಹೆಡ್‌ಲೈನ್‌ನಲ್ಲಿ "ಯುರೋಪಾ ಹೂತು ಹೋಗುವ ನೆಲ" ಅಂತ ಓದಿದ್ರೆ ಇದನ್ನ ನೆನಪಿಟ್ಕೊಳ್ಳಿ.

ಹಾಗಾದ್ರೆ ಆಳ ನೋಡೋಕೆ?

ಅದಕ್ಕೂ ಬೆಳಕೇ ಬೇಕು, ಆದ್ರೆ ಉದ್ದನೆಯ ಅಲೆಗಳದ್ದು, ಅಂದ್ರೆ ರೇಡಿಯೋ ಅಲೆ. ಅಲೆ ಉದ್ದ ಆದಷ್ಟೂ ಮಂಜಿನಲ್ಲಿ ಆಳಕ್ಕೆ ಇಳಿಯುತ್ತೆ. 1970ರ ದಶಕದಲ್ಲಿ ಪೋರ್ಟೊ ರಿಕೋದ ಅರೆಸಿಬೋ ದೂರದರ್ಶಕದಿಂದ ಗುರುವಿನ ಚಂದ್ರರ ಕಡೆಗೆ ರಾಡಾರ್ ಅಲೆ ಕಳಿಸಿದ್ರು. ಅಲೆಯ ಉದ್ದ ಸುಮಾರು 12.6 ಸೆಂಟಿಮೀಟರ್.

ಈ ಅಲೆಯನ್ನ ತಿರುಪಿನ ಹಾಗೆ ಸುತ್ತುತ್ತಾ ಹೋಗೋ ಥರ ಕಳಿಸ್ತಾರೆ. ಇದಕ್ಕೆ ವೃತ್ತೀಯ ಧ್ರುವೀಕರಣ ಅಂತ ಹೆಸರು. ಕನ್ನಡಿ ಮುಂದೆ ಬಲಗೈ ಎತ್ತಿದ್ರೆ ಎಡಗೈ ಎತ್ತಿದ ಹಾಗೆ ಕಾಣುತ್ತಲ್ಲ, ಅದೇ ರೀತಿ ನೆಲಕ್ಕೆ ಬಡಿದು ವಾಪಸ್ ಬರೋ ಅಲೆಯ ಸುತ್ತು ಉಲ್ಟಾ ಆಗಬೇಕು. ನಮ್ಮ ಚಂದ್ರ, ಶುಕ್ರ, ಮಂಗಳ ಎಲ್ಲಾ ಕಡೆ ಬಹುಪಾಲು ಹಾಗೇ ಆಗುತ್ತೆ. ಆದ್ರೆ ಯುರೋಪಾ, ಗ್ಯಾನಿಮೀಡ್, ಕ್ಯಾಲಿಸ್ಟೋದಿಂದ ಬಂದ ಪ್ರತಿಧ್ವನಿಯಲ್ಲಿ ಉಲ್ಟಾ ಆಗದೇ ಇರೋ ಪಾಲೇ ಜಾಸ್ತಿ ಇತ್ತು. ಜೊತೆಗೆ ಪ್ರತಿಧ್ವನಿ ನಂಬೋಕಾಗದಷ್ಟು ಜೋರು.

ಇದಕ್ಕೆ ವಿವರಣೆ ಸಿಗೋಕೆ ಹತ್ತು ವರ್ಷಕ್ಕಿಂತ ಹೆಚ್ಚು ಬೇಕಾಯ್ತು. 1990ರಲ್ಲಿ ಬ್ರೂಸ್ ಹ್ಯಾಪ್ಕೆ ಹೇಳಿದ್ದು ನಮ್ಮ ಲಾಲ್‌ಬಾಗ್ ಗೆಳೆಯರ ಕಥೆಯನ್ನೇ! ಮಂಜು ರೇಡಿಯೋ ಅಲೆಗೆ ಗಾಜಿನಂತೆ ಪಾರದರ್ಶಕ. ಅಲೆ ಒಳಗಿಳಿದು, ಅಲ್ಲಿನ ಬಿರುಕು, ಟೊಳ್ಳು, ಉಬ್ಬುತಗ್ಗುಗಳಿಗೆ ಬಡಿದು ಬಡಿದು, ಹೆಜ್ಜೆಗೆ ಹೆಜ್ಜೆ ಸೇರಿ ವಾಪಸ್ ಬರುತ್ತೆ. ಅಂದ್ರೆ ಯುರೋಪಾದ ಮೇಲಿನ ಕೆಲವು ಮೀಟರ್‌ಗಳಷ್ಟು ಮಂಜು ಶುದ್ಧ, ಆದ್ರೆ ಒಂದೇ ಸಮ ಇಲ್ಲ. ಕಾಣೋ ಬೆಳಕು ಕೆನೆ ಬಗ್ಗೆ ಹೇಳಿದ್ದನ್ನ, ರಾಡಾರ್ ಅದರ ಕೆಳಗಿನ ಪದರದ ಬಗ್ಗೆ ಹೇಳ್ತು.

ಈ ಉಪಾಯ ನಮ್ಮ ಚಂದ್ರಯಾನಕ್ಕೂ ಬಂತು. 2008ರ ಅಕ್ಟೋಬರ್ 22ರಂದು ಹೊರಟ ಚಂದ್ರಯಾನ-1ರಲ್ಲಿ ನಾಸಾದ ಮಿನಿ-ಸಾರ್ ಅನ್ನೋ ರಾಡಾರ್ ಇತ್ತು. ಆ ಯಾನಕ್ಕಾಗಿಯೇ ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿ 32 ಮೀಟರಿನ ಆಂಟೆನಾ ಎದ್ದು ನಿಂತಿದ್ದು. ಉಲ್ಟಾ ಆಗದೇ ಬರೋ ಸುತ್ತಿನ ಪಾಲು ಜಾಸ್ತಿ ಇರೋ ಜಾಗ ಎಲ್ಲಿದೆ ಅಂತ ಮಿನಿ-ಸಾರ್ ಹುಡುಕ್ತು. 2010ರಲ್ಲಿ ನಾಸಾ, ಚಂದ್ರನ ಉತ್ತರ ಧ್ರುವದ ಹತ್ತಿರ 40ಕ್ಕೂ ಹೆಚ್ಚು ಕುಳಿಗಳಲ್ಲಿ ಮಂಜು ಇರಬಹುದು, ಕನಿಷ್ಠ 60 ಕೋಟಿ ಟನ್ ಅಂತ ಅಂದಾಜು ಹೇಳ್ತು. ಇಲ್ಲೂ ಒಂದು ಎಚ್ಚರಿಕೆ ಇದೆ. ಒರಟಾದ ಬಂಡೆಗಳಿಂದಲೂ ಅಂಥದ್ದೇ ಸಿಗ್ನಲ್ ಬರಬಹುದು. ಆ ವಾದ ಮುಂದುವರಿದಿದೆ. ಚಂದ್ರಯಾನ-2ರ ಕಕ್ಷಾನೌಕೆಯಲ್ಲಿ ಎರಡು ತರಂಗಾಂತರಗಳಲ್ಲಿ ಧ್ರುವೀಕರಣ ಅಳೆಯೋ ರಾಡಾರ್ ಕಳಿಸಿದ್ದಕ್ಕೆ ಇದೂ ಒಂದು ಕಾರಣ.

ಮುಂದೇನು?

ನಾಸಾದ ಯುರೋಪಾ ಕ್ಲಿಪ್ಪರ್ 2024ರ ಅಕ್ಟೋಬರ್ 14ರಂದು ಹೊರಟಿದೆ. 2030ರ ಏಪ್ರಿಲ್‌ನಲ್ಲಿ ಗುರುವನ್ನ ತಲುಪಬೇಕು. ಅದರಲ್ಲಿ ಮಂಜಿನೊಳಗೆ ಇಳಿದು ನೋಡೋ ರಾಡಾರ್ ಇದೆ. ಯುರೋಪಿನ ಜ್ಯೂಸ್ ನೌಕೆ 2023ರ ಏಪ್ರಿಲ್ 14ರಂದು ಹೊರಟಿದೆ, 2031ರ ಜುಲೈನಲ್ಲಿ ತಲುಪಬೇಕು. ಎರಡೂ ಯುರೋಪಾ ಮೇಲೆ ಇಳಿಯಲ್ಲ, ಪಕ್ಕದಲ್ಲೇ ಹಾದು ಹೋಗಿ ನೋಡ್ತವೆ. ನಾನು ಆಗಲೇ ಹೇಳಿದ ಲ್ಯಾಂಡರ್ ಇನ್ನೂ ಕಾಗದದ ಮೇಲೇ ಇದೆ. ಆ ಕಾಗದದಲ್ಲಿ ಒಂದು ಸಂಗತಿ ಇದೆ: ಗುರುವಿನ ವಿಕಿರಣ ಮೇಲಿನ ಮಂಜನ್ನ ಕೆಡಿಸಿರುತ್ತೆ, ಹಾಗಾಗಿ ಮಾದರಿ ತೆಗೆಯೋಕೆ ಕನಿಷ್ಠ 10 ಸೆಂಟಿಮೀಟರ್ ಕೆಳಗೆ ಅಗೆಯಬೇಕು. ಅಂದ್ರೆ ಬೆಳಕು ಓದಿದ ಕೆನೆಯನ್ನ ದಾಟಿ, ರಾಡಾರ್ ಹೇಳಿದ ಪದರಕ್ಕೆ ಇಳಿಯಬೇಕು. ಮೇಲಿನ ಪುಡಿ ಕೂದಲೆಳೆಯಷ್ಟು ದಪ್ಪವೋ, ಮೊಣಕಾಲು ಮುಳುಗುವಷ್ಟೋ ಅನ್ನೋದರ ಮೇಲೆ ಆ ಲ್ಯಾಂಡರಿನ ಕಾಲಿನ ಆಕಾರವೇ ಬದಲಾಗುತ್ತೆ.

ಇದರಲ್ಲಿ ನಮಗೇನು ಅಂತ ಕೇಳೋರಿಗೆ ನನ್ನ ಉತ್ತರ ಇಷ್ಟೇ. ಭೂಮಿಯಾಚೆ ಜೀವ ಇದೆಯಾ ಅನ್ನೋ ಪ್ರಶ್ನೆಗೆ ನಮ್ಮ ಜೀವಿತಾವಧಿಯಲ್ಲಿ ಉತ್ತರ ಸಿಗೋ ಸಾಧ್ಯತೆ ಇರೋ ಕೆಲವೇ ಜಾಗಗಳಲ್ಲಿ ಯುರೋಪಾ ಒಂದು. ಅಲ್ಲಿ ಮೊದಲ ಕಾಲು ತಪ್ಪು ಜಾಗದಲ್ಲಿ ಬಿದ್ರೆ ಇನ್ನೊಂದು ಅವಕಾಶಕ್ಕೆ ಹತ್ತಾರು ವರ್ಷ ಕಾಯಬೇಕಾಗಬಹುದು. ಅದಕ್ಕೇ ಸಾವಿರಕ್ಕೆ ನಾಲ್ಕರ ಆ ವ್ಯತ್ಯಾಸವನ್ನ ಇಷ್ಟು ಜನ ಇಷ್ಟು ವರ್ಷದಿಂದ ಅಳೀತಾ ಬಂದಿರೋದು.

ಸನ್‌ಗ್ಲಾಸ್ ಪ್ರಯೋಗ ಮಾಡಿ ನೋಡಿ. ಫೋನ್ ಆದ್ಮೇಲೆ ಕೆರೆ ನೀರು, ಕಾರಿನ ಗಾಜು, ಮಳೆ ಬಂದ ರಸ್ತೆ, ಎಲ್ಲದರ ಮೇಲೂ ತಲೆ ಓರೆ ಮಾಡಿ ನೋಡಿ. ಏನು ಕಾಣ್ತು ಅಂತ ನನಗೆ ವಾಯ್ಸ್ ನೋಟ್ ಕಳಿಸಿ. ಚೆನ್ನಾಗಿರೋದನ್ನ ಮುಂದಿನ ಎಪಿಸೋಡಲ್ಲಿ ಕೇಳಿಸ್ತೀನಿ. ಅಲ್ಲಿವರೆಗೂ, ನಮಸ್ಕಾರ.